ಶ್ವಾಸಕೋಶ ಕಸಿ ಆದ ಮೊದಲ ತಿಂಗಳುಗಳಲ್ಲಿ ಏನು ತೊಂದರೆ ಬರಬಹುದು?

ನಿಮ್ಮ ಮಾವನಿಗೆ ಬೆಂಗಳೂರಿನಲ್ಲಿ ಕಸಿ ಆಗಿದೆ, ಮೂಡಿಗೆರೆಯ ತೋಟದ ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ಮೊದಲ 72 ಗಂಟೆ ಪೂರ್ತಿ ಐಸಿಯುದ್ದು. ರಕ್ತವಿಲ್ಲದೆ ಇದ್ದ ಶ್ವಾಸಕೋಶಕ್ಕೆ ಮತ್ತೆ ರಕ್ತ ಹರಿದಾಗ ಅದು ಊದಿಕೊಂಡು ನೀರು ತುಂಬಬಹುದು. ಆಗ ವೆಂಟಿಲೇಟರ್, ತೀರಾ ಜಾಸ್ತಿಯಾದರೆ ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ). ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ.

ಆಮೇಲೆ ಶ್ವಾಸನಾಳದ ಹೊಲಿಗೆ. ಅದಕ್ಕೆ ರಕ್ತ ಕೊಡುತ್ತಿದ್ದ ಸಣ್ಣ ನಾಳಗಳನ್ನು ಸಾಮಾನ್ಯವಾಗಿ ಮತ್ತೆ ಜೋಡಿಸುವುದಿಲ್ಲ. ಹಾಗಾಗಿ ಗಾಯ ನಿಧಾನವಾಗಿ ಮಾಯುತ್ತದೆ, ಕೆಲವರಿಗೆ ನಾಳ ಕಿರಿದಾಗುತ್ತದೆ. ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸುವ ಪರೀಕ್ಷೆ) ಮಾಡಿ ನೋಡುವುದು ಇದಕ್ಕೇ.

ಮನೆಯವರ ಕೆಲಸ ಶುರುವಾಗುವುದು ಇಲ್ಲಿಂದ. ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲಿ ಅಂತ ಕೊಡುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತವೆ. ಶ್ವಾಸಕೋಶವೋ, ಪ್ರತಿ ಉಸಿರಿಗೂ ಹೊರಗಿನ ಗಾಳಿ ಎಳೆಯುವ ಅಂಗ. ಗೊಬ್ಬರದ ಗುಂಡಿ, ಕೊಳೆತ ತರಗೆಲೆ, ಕಾಫಿ ಸಿಪ್ಪೆಯ ರಾಶಿ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಗೋಡೆ, ಇವೆಲ್ಲದರಲ್ಲೂ ಆಸ್ಪರ್ಜಿಲಸ್ ಶಿಲೀಂಧ್ರ ಇರಬಹುದು. ಸುಮ್ನೆ ತೋಟ ಸುತ್ತಿ ಬರುತ್ತೇನೆ ಅಂದರೂ ಡಾಕ್ಟರು ಒಪ್ಪುವವರೆಗೆ ಬೇಡ.

ಮನೆಯಲ್ಲಿ ಸ್ಪೈರೋಮೀಟರ್ (ಉಸಿರಿನ ಬಲ ಅಳೆಯುವ ಸಣ್ಣ ಯಂತ್ರ) ಊದಿಸಿ ಅಂಕಿ ಬರೆದಿಡಿ. ಅಂಕಿ ಶೇ. 10ರಷ್ಟು ಇಳಿದರೆ, ಜ್ವರ ಅಥವಾ ಏದುಸಿರು ಬಂದರೆ ಅವತ್ತೇ ಕಸಿ ತಂಡಕ್ಕೆ ಫೋನ್ ಮಾಡಿ. ಸೋಂಕು, ತಿರಸ್ಕಾರ ಎರಡೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಬೇರೆ. ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯಾಟಿಕ್ ತರಬೇಡಿ.

ಹಾಂ, ಹಿತ್ತಲಲ್ಲಿ ಚಕ್ಕೋತ ಇದೆಯಾ? ಅವರಿಗೆ ಕೊಡಬೇಡಿ. ತಿರಸ್ಕಾರ ತಡೆಯುವ ಮಾತ್ರೆ ಟ್ಯಾಕ್ರೋಲಿಮಸ್‌ನ ಮಟ್ಟ ರಕ್ತದಲ್ಲಿ ಏರಿ ಕಿಡ್ನಿಗೆ ಪೆಟ್ಟು ಬೀಳಬಹುದು.