ಕೆಮ್ಯಾಲಾಕ್–ಕೆಫ್ರೀ ಲೆಕ್ಕ ತಾಳೆಯಾಗದಿದ್ದಾಗ

ಪ್ರಶ್ನೆ: ಲಿನಕ್ಸ್ 6.12 ಕರ್ನಲ್‌ಗೆ ಡ್ರೈವರ್ ಮಾಡ್ಯೂಲ್ ಬರೆಯುತ್ತಿದ್ದೇನೆ. ಕರ್ನಲ್‌ನ ಘಟನೆಗಳನ್ನು ದಾಖಲಿಸುವ ಎಫ್‌ಟ್ರೇಸ್‌ನಲ್ಲಿ ಕೆಮ್ಯಾಲಾಕ್ (ಮೆಮೊರಿ ಪಡೆಯುವ ಕರೆ), ಕೆಫ್ರೀ (ಅದನ್ನು ಬಿಡುವ ಕರೆ) ಈವೆಂಟ್‌ಗಳನ್ನು ಹಿಡಿದು ವಿಳಾಸಗಳ ಜೋಡಿ ಹೊಂದಿಸಿದರೆ ನೂರಾರು ಕೆಬಿ ಸೋರಿಕೆ, ಅಂದರೆ ಪಡೆದು ಬಿಡದ ಮೆಮೊರಿ, ಕಾಣುತ್ತದೆ. ಸೋರಿಕೆ ಹುಡುಕುವ ಕರ್ನಲ್‌ನದೇ ಸಾಧನ ಕೆಮೆಮ್‌ಲೀಕ್ ಮಾತ್ರ ಏನೂ ಹೇಳುತ್ತಿಲ್ಲ. ಯಾವುದನ್ನು ನಂಬಲಿ?

ಉತ್ತರ: ಮೊದಲು ಟ್ರೇಸ್ ಪೂರ್ತಿ ಸಿಕ್ಕಿದೆಯೇ ನೋಡಿ. ಎಫ್‌ಟ್ರೇಸ್‌ನಲ್ಲಿ ಪ್ರತಿ ಸಿಪಿಯುಗೂ ಬೇರೆ ಬಫರ್ ಇದೆ. ಅದು ತುಂಬಿದರೆ ಹಳೆಯ ಈವೆಂಟ್‌ಗಳು ಸದ್ದಿಲ್ಲದೆ ಅಳಿದುಹೋಗುತ್ತವೆ. ಸಿಪಿಯುವಾರು ಸ್ಟ್ಯಾಟ್ಸ್ ಫೈಲ್‌ನಲ್ಲಿ ಓವರ್‌ರನ್ (ಹೀಗೆ ಅಳಿದ ಈವೆಂಟ್‌ಗಳ ಎಣಿಕೆ) ಸೊನ್ನೆ ಇಲ್ಲದಿದ್ದರೆ ಆ ಟ್ರೇಸ್ ಬಿಟ್ಟುಬಿಡಿ, ಬಫರ್ ದೊಡ್ಡದು ಮಾಡಿ ಮತ್ತೆ ಹಿಡಿಯಿರಿ. ಟ್ರೇಸ್ ಕ್ಲಾಕ್ ಅನ್ನು ಲೋಕಲ್‌ನಿಂದ ಗ್ಲೋಬಲ್‌ಗೆ ಬದಲಿಸಿ. ಒಂದು ಸಿಪಿಯು ಬಿಟ್ಟ ವಿಳಾಸವನ್ನು ಮರುಕ್ಷಣವೇ ಇನ್ನೊಂದು ಪಡೆಯಬಹುದು. ಗಡಿಯಾರಗಳು ಹೊಂದದಿದ್ದರೆ ಜೋಡಿಯೂ ತಪ್ಪುತ್ತದೆ.

ಓವರ್‌ರನ್ ಸೊನ್ನೆಯಿದ್ದೂ ಸೋರಿಕೆ ಕಂಡರೆ ಕೆಫ್ರೀ ಆರ್‌ಸಿಯು (ಮೆಮೊರಿಯನ್ನು ತಡವಾಗಿ ಬಿಡುವ ಕರೆ) ಬಳಸಿದ್ದೀರಾ ಹುಡುಕಿ. ನನ್ನ ಮೊದಲ ಅನುಮಾನ ಅದರ ಮೇಲೆಯೇ. ಅದು ವಿಳಾಸಗಳನ್ನು ಕೂಡಿಟ್ಟುಕೊಂಡು, ಗ್ರೇಸ್ ಪೀರಿಯಡ್ (ಅದನ್ನು ಆಗಲೇ ಓದುತ್ತಿರುವವರು ಮುಗಿಸಲು ಕೊಡುವ ಸಮಯ) ಮುಗಿದ ಮೇಲೆ ಒಟ್ಟಿಗೆ ಬಿಡುತ್ತದೆ. ಹೀಗೆ ಸಗಟಾಗಿ ಬಿಡುವ ದಾರಿಯಲ್ಲಿ ಈವೆಂಟ್ ದಾಖಲಿಸುವ ಕೆಫ್ರೀ ಟ್ರೇಸ್‌ಪಾಯಿಂಟೇ ಇಲ್ಲ! ಪಡೆದದ್ದು ದಾಖಲಾಗುತ್ತದೆ, ಬಿಟ್ಟದ್ದು ಆಗುವುದಿಲ್ಲ. ಎಷ್ಟು ಹೊತ್ತು ಕಾದರೂ ಆ ಬೈಟ್‌ಗಳು ನಿಮ್ಮ ಪಟ್ಟಿಯಲ್ಲಿ ಸೋರಿಕೆಯಾಗಿಯೇ ಉಳಿಯುತ್ತವೆ. ಕೆಮೆಮ್‌ಲೀಕ್‌ನ ಹುಕ್ (ಅದಕ್ಕೆ ಸುದ್ದಿ ಮುಟ್ಟಿಸುವ ಕರೆ) ಕೆಮ್ಯಾಲಾಕ್‌ಗೆ ಮೆಮೊರಿ ಹಂಚುವ ಸ್ಲ್ಯಾಬ್‌ನ ಒಳಗಡೆಯೇ ಇರುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. ಹಾಗೆಂದು ಅದರ ಮೌನವನ್ನೇ ಪುರಾವೆ ಮಾಡಿಕೊಳ್ಳಬೇಡಿ: ನೇರವಾಗಿ ಅಲಾಕ್ ಪೇಜಸ್‌ನಿಂದ ಪಡೆದ ಪುಟಗಳನ್ನು ಅದು ಗಮನಿಸುವುದಿಲ್ಲ, ವಿಳಾಸದಂತೆ ಕಾಣುವ ಯಾವುದೋ ಸಂಖ್ಯೆ ಮೆಮೊರಿಯಲ್ಲಿದ್ದರೂ ನಿಜವಾದ ಸೋರಿಕೆಯನ್ನು ಬಿಟ್ಟುಬಿಡುತ್ತದೆ.

ನಿಮ್ಮ ಕರ್ನಲ್‌ನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವಿದೆ. 6.10ರಿಂದ ಬಂದ ಮೆಮೊರಿ ಅಲೊಕೇಶನ್ ಪ್ರೊಫೈಲಿಂಗ್ ಅನ್ನು ಕಾನ್ಫಿಗ್‌ನಲ್ಲಿ ಸೇರಿಸಿ ಬಿಲ್ಡ್ ಮಾಡಿ. ಮಾಡ್ಯೂಲ್ ಲೋಡ್ ಮಾಡುವ ಮೊದಲೇ ವಿಎಂ ಸಿಸ್‌ಕಂಟ್ರೋಲ್‌ಗಳಲ್ಲಿರುವ (ಕರ್ನಲ್ ಓಡುತ್ತಿರುವಾಗಲೇ ಬದಲಿಸುವ ಸೆಟ್ಟಿಂಗ್‌ಗಳು) ಮೆಮ್ ಪ್ರೊಫೈಲಿಂಗ್ ಅನ್ನು 1 ಮಾಡಿ. ಆನ್ ಆಗುವ ಮುಂಚಿನ ಹಂಚಿಕೆಗಳು ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಪ್ರೊಕ್‌ನ ಅಲಾಕ್‌ಇನ್ಫೊ ಫೈಲನ್ನು ರೂಟ್ ಆಗಿ ಓದಿದರೆ, ಮೆಮೊರಿ ಪಡೆದ ಪ್ರತಿ ಸಾಲಿನ ಹೆಸರಲ್ಲಿ ಈಗ ಎಷ್ಟು ಬೈಟ್ ಉಳಿದಿದೆ ಎಂದು ಸಿಗುತ್ತದೆ. ಇದಕ್ಕೆ ಪ್ರತಿ ಪುಟಕ್ಕೆ 8 ಬೈಟ್ ಖರ್ಚು, ಅಂದರೆ 4 ಜಿಬಿ ಯಂತ್ರದಲ್ಲಿ 8 ಎಂಬಿ; ಸ್ಲ್ಯಾಬ್ ವಸ್ತುಗಳಿಗೆ ಬೇರೆ.

ಓದುವಾಗ ಎರಡು ಎಚ್ಚರ. 100 ಬೈಟ್ ಕೇಳಿದ್ದಕ್ಕೆ ಅದು 128 ತೋರಿಸುತ್ತದೆ, ನಿಜಕ್ಕೂ ಕೊಟ್ಟದ್ದು ಅಷ್ಟೇ. ಮತ್ತೆ, ಎಲ್ಲ ಸಾಲುಗಳನ್ನೂ ಕೂಡಬೇಡಿ: ಸ್ಲ್ಯಾಬ್ ತನಗಾಗಿ ಪಡೆದ ಪುಟಗಳು ಅಲಾಕ್ ಸ್ಲ್ಯಾಬ್ ಪೇಜ್ ಸಾಲಿನಲ್ಲೂ ಇರುತ್ತವೆ, ಅದೇ ಮೆಮೊರಿ ಎರಡು ಸಲ ಎಣಿಕೆಯಾಗುತ್ತದೆ.

ಡ್ರೈವರ್‌ನಲ್ಲಿ ಕೆಮ್ಯಾಲಾಕ್ ಕರೆಯುವ ಸ್ವಂತ ಸಹಾಯಕ ಫಂಕ್ಷನ್ ಇದ್ದರೆ ಹಂಚಿಕೆಯೆಲ್ಲ ಆ ಒಂದೇ ಸಾಲಿನ ತಲೆಗೆ ಬೀಳುತ್ತದೆ. ಅದರ ಒಳಗೆ ಕೆಮ್ಯಾಲಾಕ್‌ನ ನೋಪ್ರಾಫ್ ರೂಪವನ್ನು (ತನ್ನ ಸಾಲಿನ ಹೆಸರಲ್ಲಿ ಲೆಕ್ಕ ಬರೆಯದ ರೂಪ) ಕರೆಯಿರಿ, ಹೊರಗೆ ಅಲಾಕ್ ಹುಕ್ಸ್ (ಕರೆದ ಸಾಲಿನ ಹೆಸರಲ್ಲಿ ಲೆಕ್ಕ ಬರೆಯುವಂಥದ್ದು) ಬಳಸಿದ ಮ್ಯಾಕ್ರೊ ಇಡಿ. ಆಗ ಮೆಮೊರಿಯನ್ನು ನಿಜಕ್ಕೂ ಕೇಳಿದ ಸಾಲೇ ಪಟ್ಟಿಯಲ್ಲಿ ಬರುತ್ತದೆ.