ಮಕ್ಕಳು ಬೆಳೆಯುವುದನ್ನು ನೋಡಿದರೆ ಖುಷಿಯ ಜೊತೆ ಸಂಕಟವೂ ಆಗುವುದೇಕೆ?

ಎರಡೂ ಒಟ್ಟಿಗೇ ಆಗುತ್ತವೆ, ಅದರಲ್ಲಿ ತಪ್ಪೇನಿಲ್ಲ. ಒಂದು ವರ್ಷ ತುಂಬುವಷ್ಟರಲ್ಲಿ ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಸುಮಾರು 3 ಪಟ್ಟಾಗಿರುತ್ತದೆ. ಆಮೇಲೆ ನಿಧಾನ. ಶಾಲೆಯ ವಯಸ್ಸಿನಲ್ಲಿ ಎತ್ತರ ಹೆಚ್ಚುವುದು ವರ್ಷಕ್ಕೆ 5-6 ಸೆಂಟಿಮೀಟರ್ ಅಷ್ಟೇ. ದಿನಾ ಕಣ್ಣೆದುರೇ ಇರುವುದರಿಂದ ಗೊತ್ತೇ ಆಗುವುದಿಲ್ಲ. ಒಂದು ದಿನ ಬಾಗಿಲ ಹತ್ತಿರ ನೋಡಿದರೆ ಮಗನ ಶೂ ನನ್ನದಕ್ಕಿಂತ ದೊಡ್ಡದು! ಸುಮ್ನೆ ಕಾಲು ತೂರಿಸಿ ನೋಡಿದೆ, ಸಡಿಲ. ನಗು ಬಂತು, ಗಂಟಲೂ ಕಟ್ಟಿತು.

ಸಂಕಟ ಜಾಸ್ತಿ ಆಗುವುದು ಕೊನೆಯ ಸಲಗಳಿಂದ ಅಂತ ನನಗನ್ನಿಸುತ್ತದೆ. ಮೊದಲ ಹೆಜ್ಜೆ, ಮೊದಲ ಮಾತು ಎಲ್ಲ ನೆನಪಿರುತ್ತದೆ. ಕೊನೆಯ ಸಲ ಎತ್ತಿಕೊಂಡಿದ್ದು ಯಾವಾಗ? ಅವತ್ತು ಅದು ಕೊನೆಯದು ಅಂತ ಯಾರಿಗೆ ಗೊತ್ತಿತ್ತು, ಅಲ್ವಾ? ಅವನನ್ನೇ ಕೇಳಿದೆ. "ನಂಗೇನು ಗೊತ್ತು" ಅಂತ ಮೊಬೈಲ್ ನೋಡುತ್ತಾ ಕೂತ.