ಶಾಲೆ ಮಗಳ ಸಂದೇಶಗಳನ್ನು ಓದಿತು, ನಾನೂ ಓದಿದೆ

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಹತ್ತನೆಯ ತರಗತಿಯ ಮಗಳು ಮಾಟುಂಗಾ ಕಡೆಯ ಶಾಲೆಗೆ ಲೋಕಲ್ ರೈಲಿನಲ್ಲಿ ಹೋಗಿಬರುತ್ತಾಳೆ. ಶಾಲೆಗೆ ಮೊಬೈಲ್ ತರಬಾರದೆಂಬ ನಿಯಮವಿದ್ದರೂ ನಾನೇ ಅವಳ ಚೀಲದಲ್ಲಿ ಇಟ್ಟು ಕಳುಹಿಸುತ್ತಿದ್ದೆ. 2005ರ ಜುಲೈ 26ರ ಮಳೆಯಲ್ಲಿ ಕಾಲೇಜಿನಿಂದ ಹೊರಟ ನಾನು ಮನೆ ಮುಟ್ಟಿದ್ದು ಮರುದಿನ. ಆ ಭಯ ಇನ್ನೂ ಹೋಗಿಲ್ಲ. ಕಳೆದ ತಿಂಗಳು ತರಗತಿಯಲ್ಲಿ ಫೋನ್ ಸದ್ದು ಮಾಡಿತು. ಶಿಕ್ಷಕಿ ಅವಳಿಂದಲೇ ಲಾಕ್ ತೆಗೆಸಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಓದಿ, ನನ್ನನ್ನು ಕರೆಸಿ ತೋರಿಸಿದರು. ಒಬ್ಬ ಹುಡುಗನೊಂದಿಗೆ ಮಾತುಕತೆ. ಜೊತೆಗೆ ನಮ್ಮ ಮನೆಯ ಜಗಳಗಳ ಬಗ್ಗೆಯೂ ಬರೆದಿದ್ದಾಳೆ. ನಾನು ಅಲ್ಲೇ ಕುಳಿತು ಎಲ್ಲವನ್ನೂ ಓದಿದೆ. ಫೋನನ್ನು ವರ್ಷದ ಕೊನೆಗೆ ಕೊಡುತ್ತಾರಂತೆ. ಅದರಲ್ಲಿ ನಿಗಾ ಇಡುವ ಆ್ಯಪ್ ಹಾಕಲು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ್ದಾರೆ. ಸಹಿ ಹಾಕಿ ಮುಗಿಸು ಎನ್ನುತ್ತಾರೆ ಪತಿ. ಮಗಳು ಇಪ್ಪತ್ತು ದಿನಗಳಿಂದ ನನ್ನೊಡನೆ ಮಾತನಾಡಿಲ್ಲ. ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರ ಓದುವಾಗ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನ ಗಲ್ಲಾ ನನ್ನ ಕಣ್ಣ ಮುಂದೆ ಬಂತು. ಹಗಲು ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರಲ್ಲಿ ನನ್ನ ತಂದೆಯೂ ಒಬ್ಬರು. ಊರಿನ ಕಾಗದಗಳೆಲ್ಲ ಹೋಟೆಲಿನ ವಿಳಾಸಕ್ಕೇ ಬರುತ್ತಿದ್ದವು. ಧಣಿ ಬಹಳ ಬಿಗಿ ಮನುಷ್ಯ; ಕೆಲಸದ ಹೊತ್ತಿನಲ್ಲಿ ಕಾಗದ ಕೊಡುತ್ತಿರಲಿಲ್ಲ, ಗಲ್ಲಾದೊಳಗೆ ಇಟ್ಟಿರುತ್ತಿದ್ದರು. ಸಂಜೆ ಶಾಲೆಗೆ ಹೊರಡುವಾಗ ಮಾತ್ರ, ಅಂಟಿಸಿದ್ದು ಅಂಟಿಸಿದಂತೆಯೇ, ಹುಡುಗನ ಕೈಗಿಡುತ್ತಿದ್ದರು. ತಂದೆ ಕೊನೆಯವರೆಗೂ ಅವರನ್ನು ಗೌರವದಿಂದ ನೆನೆಯುತ್ತಿದ್ದರು.

ಶಾಲೆ ಫೋನನ್ನು ಎತ್ತಿಟ್ಟದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಪಾಠದ ನಡುವೆ ಫೋನ್ ಸದ್ದು ಮಾಡಿದರೆ ಕೆಡುವುದು ಇಡೀ ತರಗತಿಯ ಗಮನ. ಆದರೆ ಹದಿನೈದರ ಹುಡುಗಿಯಿಂದ ಲಾಕ್ ತೆಗೆಸಿ ಅವಳ ಮಾತುಗಳನ್ನು ಓದಿದ್ದು ತಪ್ಪು. ಫೋನ್ ಸದ್ದು ಮಾಡಿತೆಂಬ ದೂರಿಗೂ ಅವಳು ಗೆಳೆಯನಿಗೆ ಬರೆದ ಮಾತಿಗೂ ಯಾವ ಸಂಬಂಧವೂ ಇಲ್ಲ. ಆ ಹುಡುಗನ ಮಾತುಗಳನ್ನೂ ಓದಿದರಲ್ಲ, ಅವನು ಯಾವ ನಿಯಮ ಮುರಿದಿದ್ದ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಶಾಲೆಯ ಗೇಟು ದಾಟಿದ ಮಾತ್ರಕ್ಕೆ ಆ ಹಕ್ಕು ಕಳೆದುಹೋಗುತ್ತದೆಂದು ನಾನು ಒಪ್ಪಲಾರೆ. ಶಾಲೆಗಳಲ್ಲಿ ಸ್ಮಾರ್ಟ್‌ಫೋನಿನ ಪೂರ್ಣ ನಿಷೇಧ ಸೂಕ್ತವಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದು 2025ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿತು; ಅನುಕೂಲವಿದ್ದಲ್ಲಿ ಬೆಳಗ್ಗೆ ಫೋನನ್ನು ಶಾಲೆಗೆ ಒಪ್ಪಿಸಿ ಮನೆಗೆ ಹೊರಡುವಾಗ ಪಡೆಯುವ ದಾರಿಯನ್ನೂ ಸೂಚಿಸಿತು. ಅದು ಮುಂಬಯಿಯ ಶಾಲೆಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ, ನಿಜ. ಆದರೂ ಪ್ರಿನ್ಸಿಪಾಲರ ಮುಂದೆ ಇಡುವುದಕ್ಕೆ ಇಷ್ಟು ಸಾಕು. ಬೆಳಗ್ಗೆ ಕೊಟ್ಟು ಸಂಜೆ ಪಡೆಯುತ್ತಾಳೆ, ರೈಲು ನಿಂತ ದಿನ ಅದು ಅವಳ ಕೈಯಲ್ಲಿರುತ್ತದೆ ಎಂದು ಕೇಳಿ. ಒಂದೇ ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರಿದು. ನಿಮ್ಮ ಭಯವನ್ನು ಯಾರೂ ತಳ್ಳಿಹಾಕಲಾರರು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು. ಆ ಸಹಿ ಮಗಳ ಪರವಾಗಿ ನಿಮ್ಮ ಕೈಯಲ್ಲಿರುವ ಬೀಗದ ಕೈ. ಹಾಕಿ ಮುಗಿಸುವಂಥದ್ದಲ್ಲ ಎಂದು ನಿಮ್ಮ ಯಜಮಾನರಿಗೂ ಹೇಳಿ. ಇನ್ನೊಂದು ಮಾತನ್ನೂ ಶಾಲೆಯಲ್ಲಿ ಒಪ್ಪಿಕೊಳ್ಳಬೇಕು: ಫೋನನ್ನು ಚೀಲದಲ್ಲಿಟ್ಟವರು ನೀವು. ಅದನ್ನು ನೀವು ಅಂದೇ ಹೇಳಿದಿರಾ? ಪತ್ರದಲ್ಲಿ ಆ ವಿಷಯವಿಲ್ಲ. ಹೇಳದಿದ್ದರೆ, ನಿಮ್ಮ ತಪ್ಪಿನ ಶಿಕ್ಷೆಯನ್ನು ಅವಳು ಬಾಯಿಬಿಡದೆ ಹೊತ್ತಿದ್ದಾಳೆ.

ಶಾಲೆಯ ವಿಷಯ ಹೇಗೂ ಬಗೆಹರಿಯುತ್ತದೆ. ನನಗೆ ಹೆಚ್ಚು ಕಳವಳವಾದದ್ದು ಆ ಇಪ್ಪತ್ತು ದಿನಗಳ ಮೌನ. ಹುಡುಗನ ಸಂಗತಿ ಆ ವಯಸ್ಸಿಗೆ ಸಹಜ. ಮನೆಯ ಜಗಳದ ಬಗ್ಗೆ ಬರೆದಿದ್ದಾಳೆಂದರೆ, ರಾತ್ರಿ ನಿಮ್ಮಿಬ್ಬರ ದನಿ ಏರುವುದನ್ನು ಕೇಳುತ್ತಾ ಮಲಗಿದ ಮಗುವಿಗೆ ಹೇಳಿಕೊಳ್ಳಲು ಒಂದು ಕಿವಿ ಬೇಕಾಗಿತ್ತು. ಆ ಕಿವಿ ಸಿಕ್ಕಿದ್ದು ಒಬ್ಬ ಗೆಳೆಯನಲ್ಲಿ. ಅದನ್ನು ನೀವು ಪರರ ಕಚೇರಿಯಲ್ಲಿ, ಪರರ ಎದುರು ಓದಿದಿರಿ. ಅವಳಿಗಾದ ಅವಮಾನವನ್ನು ಊಹಿಸಿಕೊಳ್ಳಿ.

ಕ್ಷಮೆ ಕೇಳಿ. "ನಿನ್ನ ಕಾಗದವನ್ನು ನಿನ್ನನ್ನು ಕೇಳದೆ ಓದಿದೆ, ತಪ್ಪಾಯಿತು" ಎಂದಷ್ಟೇ ಹೇಳಿ; "ಆದರೆ" ಎಂದು ಮುಂದುವರಿಸಬೇಡಿ. ಆ ಸಂದೇಶಗಳ ಒಂದು ಸಾಲನ್ನೂ ಎಂದೂ ಎತ್ತಿ ಆಡಬೇಡಿ, ಕೋಪದಲ್ಲಿ ಕೂಡ. ಅವಳು ಅತ್ತರೆ ಅಳಲಿ, ಬಾಗಿಲು ಹಾಕಿಕೊಂಡರೆ ಮರುದಿನ ಮತ್ತೆ ಹೇಳಿ. ಮುಂದೆ ಯಾರಾದರೂ ಅವಳನ್ನು ಬೆದರಿಸುತ್ತಿದ್ದಾರೆ, ಚಿತ್ರ ಕೇಳುತ್ತಿದ್ದಾರೆ ಎಂಬ ಅನುಮಾನ ಬಂದರೆ ಫೋನ್ ನೋಡಲೇಬೇಕಾಗುತ್ತದೆ. ಆಗ ಅವಳಿಗೆ ಹೇಳಿ, ಅವಳ ಪಕ್ಕದಲ್ಲಿ ಕುಳಿತು ನೋಡಿ.

ಶಾಲೆಗೆ ಅವಳನ್ನೂ ಜೊತೆಯಲ್ಲೇ ಕರೆದುಕೊಂಡು ಹೋಗಿ. ಫೋನನ್ನು ಇಟ್ಟವಳು ನಾನು ಎಂದು ನೀವು ಹೇಳುವುದನ್ನು ಅವಳು ಕಿವಿಯಾರೆ ಕೇಳಲಿ. ಫೋನ್ ಕೈಗೆ ಬಂದ ದಿನ ಅದನ್ನು ನಿಮ್ಮ ಚೀಲಕ್ಕೆ ಹಾಕಿಕೊಳ್ಳಬೇಡಿ. ಕಚೇರಿಯ ಬಾಗಿಲಲ್ಲೇ, ತೆರೆಯದೆ, ಅವಳ ಕೈಗಿಡಿ.